ಗೆರೆ ಎಳೆದವರು ಒಬ್ಬರು, ಹಾಳೆ ಇನ್ನೊಬ್ಬರದ್ದು

ಬಾಲಮಂಗಳದ ಡಿಂಗ ನೆನಪಿದೆಯಾ ಅಂತ ಕೇಳಿ ನೋಡಿ, ಮೂವತ್ತು ದಾಟಿದವರ ಮುಖ ಅರಳುತ್ತದೆ. ಚಂದಮಾಮದ ಬೇತಾಳ ಅಂದರೆ ಅವರ ಅಪ್ಪ ಅಮ್ಮನ ಮುಖವೂ ಅರಳುತ್ತದೆ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮ ರಾಜನ ಆ ಚಿತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ. ಅದನ್ನು ಬರೆದವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಬರೆದವರು ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಅದರ ಮರುವರ್ಷ.

ಮಕ್ಕಳಿಗಾಗಿ ಕಾಮಿಕ್ಸ್ ಬರೆಯುವವರ ಪಾಡು ಹೆಚ್ಚುಕಡಿಮೆ ಎಲ್ಲ ದೇಶದಲ್ಲೂ ಹೀಗೇ. ಪಾತ್ರಕ್ಕೆ ಹೆಸರು, ಪತ್ರಿಕೆಗೆ ಹೆಸರು, ಕಲಾವಿದರಿಗೆ ವಾರದ ಚೆಕ್ಕು. ಇದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಓದುಗರು ಕೇಳುವುದೇ ಇಲ್ಲ. ಕಲಾವಿದರು ಕೈಯಾರೆ ಬರೆದ ಆ ಹಾಳೆ, ಅಂದರೆ ಒರಿಜಿನಲ್, ಅಚ್ಚಾದ ಮೇಲೆ ಎಲ್ಲಿಗೆ ಹೋಯಿತು? ಯಾರ ಬಳಿ ಇದೆ? ಅದನ್ನು ಮಾರಿದರೆ ದುಡ್ಡು ಯಾರಿಗೆ? ಇದು ಸ್ವಲ್ಪ ಸಿಕ್ಕುಸಿಕ್ಕಾದ ವಿಷಯ. ಸುಮ್ನೆ ಕಾನೂನು ಹೇಳುತ್ತಾ ಹೋದರೆ ತಲೆಗೆ ಹತ್ತುವುದಿಲ್ಲ. ಒಬ್ಬ ಕಲಾವಿದರ ಬದುಕು ಹಿಡಿದುಕೊಂಡು ಹೋದರೆ ಸಲೀಸು. ಅದಕ್ಕೆ ಲಿಯೋ ಬ್ಯಾಕ್ಸೆಂಡೇಲ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಕಾಣುವುದಿಲ್ಲ.

ಬ್ಯಾಕ್ಸೆಂಡೇಲ್ ಹುಟ್ಟಿದ್ದು 1930ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನ ಒಂದು ಹಳ್ಳಿಯಲ್ಲಿ. ಬಣ್ಣದ ಕಂಪನಿಯಲ್ಲಿ ಡಬ್ಬಿಗೆ ಅಂಟಿಸುವ ಲೇಬಲ್ ಬರೆಯುವುದು ಅವರ ಮೊದಲ ಕೆಲಸ. ಆಮೇಲೆ ಊರಿನ ಕಡೆಯ ಸಂಜೆ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ, ಜಾಹೀರಾತು, ಹೇಳಿದ್ದೆಲ್ಲ ಬರೆದರು. 1950ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಮಕ್ಕಳ ಕೈಯಲ್ಲಿ ಇದ್ದದ್ದು 'ಬೀನೊ' ಅನ್ನುವ ವಾರಪತ್ರಿಕೆ. ಸ್ಕಾಟ್ಲೆಂಡಿನ ಡಂಡಿ ಊರಿನ ಡಿ.ಸಿ. ಥಾಮ್ಸನ್ ಕಂಪನಿ 1938ರಲ್ಲಿ ಶುರು ಮಾಡಿದ್ದು. 1950ರ ಹೊತ್ತಿಗೆ ವಾರಕ್ಕೆ ಸುಮಾರು 20 ಲಕ್ಷ ಪ್ರತಿ ಮಾರಾಟವಾಗುತ್ತಿತ್ತು. ಅದರಲ್ಲಿ ಡೇವಿಡ್ ಲಾ ಬರೆಯುತ್ತಿದ್ದ 'ಡೆನ್ನಿಸ್ ದಿ ಮೆನೇಸ್' ನೋಡಿ ಬ್ಯಾಕ್ಸೆಂಡೇಲ್‌ಗೆ ಹುರುಪು ಬಂತು. ಈ ಡೆನ್ನಿಸ್ ಅಮೆರಿಕದ ಡೆನ್ನಿಸ್ ಅಲ್ಲ. ಎರಡೂ 1951ರ ಮಾರ್ಚ್‌ನಲ್ಲೇ, ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಹೆಸರಲ್ಲಿ ಹುಟ್ಟಿದವು. ಕಥೆಯಲ್ಲಿ ಬರೆದರೆ ಯಾರೂ ನಂಬದಂಥ ಕಾಕತಾಳೀಯ.

1952ರಲ್ಲಿ ಬ್ಯಾಕ್ಸೆಂಡೇಲ್ ಡಂಡಿಗೆ ಚಿತ್ರ ಕಳಿಸತೊಡಗಿದರು. ಸಂಬಳದ ನೌಕರಿ ಅಲ್ಲ, ಫ್ರೀಲಾನ್ಸ್. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ದೊಡ್ಡದಾಗುತ್ತದೆ. 1953ರಲ್ಲಿ 'ಲಿಟಲ್ ಪ್ಲಮ್' ಶುರುವಾಯಿತು. ಅಮೆರಿಕದ ಮೂಲನಿವಾಸಿ ಹುಡುಗನ ಕಥೆ. ಅದರಲ್ಲಿದ್ದ ಗೇಲಿ ಇವತ್ತಿಗೆ ಸರಿ ಕಾಣುವುದಿಲ್ಲ, ಅದು ಆ ಕಾಲದ ಸರಕು. ಅದೇ ವರ್ಷ ಡಿಸೆಂಬರ್‌ನಲ್ಲಿ 'ಮಿನ್ನಿ ದಿ ಮಿಂಕ್ಸ್' ಬಂದಳು. ಕೆಂಪು ಕಪ್ಪು ಪಟ್ಟೆಯ ಸ್ವೆಟರ್ ಹಾಕಿಕೊಂಡು ಹುಡುಗರನ್ನೇ ಅಟ್ಟಾಡಿಸಿ ಹೊಡೆಯುವ ಹುಡುಗಿ. ಹೆಣ್ಣುಮಕ್ಕಳು ಕಾಮಿಕ್ಸ್‌ನಲ್ಲಿ ಗೊಂಬೆ ಹಿಡಿದು ಕೂತಿದ್ದ ಕಾಲ ಅದು. 1954ರ ಫೆಬ್ರವರಿಯಲ್ಲಿ ಸ್ಕೂಲು ಬಿಟ್ಟ ಗಂಟೆ ಹೊಡೆದ ಕೂಡಲೇ ಹುಚ್ಚೆದ್ದು ಓಡುವ ಮಕ್ಕಳ ಗುಂಪಿನ ಚಿತ್ರ ಶುರುವಾಯಿತು. ಮುಂದೆ ಅದೇ 'ಬ್ಯಾಷ್ ಸ್ಟ್ರೀಟ್ ಕಿಡ್ಸ್' ಅಂತ ಹೆಸರಾಯಿತು. ಬರೀ ನಾಲ್ಕು ತಿಂಗಳ ಆಚೀಚೆ ಮೂರು ಪಾತ್ರವರ್ಗ! ಆಗ ಅವರಿಗೆ ಇಪ್ಪತ್ತಮೂರು ವರ್ಷ. ಮಿನ್ನಿ, ಬ್ಯಾಷ್ ಸ್ಟ್ರೀಟ್ ಮಕ್ಕಳು ಇವತ್ತೂ ಬೀನೊದಲ್ಲಿ ಇದ್ದಾರೆ.

ಬ್ಯಾಕ್ಸೆಂಡೇಲ್ ಅವರ ಹಾಳೆ ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಚೌಕಟ್ಟಿನಲ್ಲಿ ಮುಖ್ಯ ಜಗಳ ನಡೆಯುತ್ತಿದ್ದರೆ ಹಿಂದೆ ಮೂಲೆಯಲ್ಲಿ ಇನ್ನಾವುದೋ ಎರಡು ಜಗಳ. ಯಾರದೋ ಟೋಪಿ ಹಾರಿದೆ, ಯಾರೋ ಕಿಟಕಿಯಿಂದ ಜೋತಾಡುತ್ತಿದ್ದಾನೆ, ನಾಯಿಗೂ ಒಂದು ಅಭಿಪ್ರಾಯ ಇದೆ. ಮಕ್ಕಳು ಒಂದು ಪುಟದ ಮೇಲೆ ಅರ್ಧ ಗಂಟೆ ಕೂರುತ್ತಿದ್ದದ್ದು ಇದಕ್ಕೇ. ಆದರೆ ಒಂದೊಂದು ಟೋಪಿಯನ್ನೂ ಯಾರೋ ಒಬ್ಬರು ಕೂತು ಬರೆಯಬೇಕು, ಅಲ್ವಾ? ವಾರ ವಾರ, ಹಲವು ಪುಟ. ಅಷ್ಟು ಸಾಲದು ಅಂತ ಅದೇ ಕಂಪನಿಯ 'ಬೀಜರ್' ಪತ್ರಿಕೆಗೂ ಬರೆದರು. ಹತ್ತು ವರ್ಷ ಹೀಗೆ ಗೇಯ್ದು, ಸುಸ್ತಾಗಿ, 1962ರಲ್ಲಿ ಡಿ.ಸಿ. ಥಾಮ್ಸನ್ ಬಿಟ್ಟು ಹೊರಟರು.

ಹೊರಟರು, ಆದರೆ ಪಾತ್ರಗಳು ಅವರ ಹಿಂದೆ ಹೊರಡಲಿಲ್ಲ. ಬ್ಯಾಷ್ ಸ್ಟ್ರೀಟ್ ಡೇವಿಡ್ ಸದರ್‌ಲೆಂಡ್ ಕೈಗೆ ಹೋಯಿತು. ಅವರು ಅದನ್ನು ಅರವತ್ತು ವರ್ಷ ಬರೆದರು, 2023ರಲ್ಲಿ ತೀರಿಕೊಳ್ಳುವ ಹತ್ತಿರದವರೆಗೂ. ಮಿನ್ನಿಯನ್ನು ಜಿಮ್ ಪೆಟ್ರಿ ನಲವತ್ತು ವರ್ಷ ಬರೆದರು. ಇಬ್ಬರೂ ಮೊದಮೊದಲು ಬ್ಯಾಕ್ಸೆಂಡೇಲ್ ಗೆರೆಯನ್ನೇ ಅನುಸರಿಸಬೇಕಿತ್ತು, ಯಾಕೆಂದರೆ ಕಲಾವಿದರು ಬದಲಾದದ್ದು ಮಕ್ಕಳಿಗೆ ಗೊತ್ತಾಗಬಾರದು. ಗೊತ್ತಾಗುವ ಹಾಗೂ ಇರಲಿಲ್ಲ. ಆ ಕಂಪನಿಯಲ್ಲಿ ಕಲಾವಿದರು ಸಹಿ ಹಾಕುವ ರೂಢಿ ಇರಲಿಲ್ಲ. ಅಲ್ಲಿನ ಹೆಸರಾಂತ ಕಲಾವಿದ ಡಡ್ಲಿ ವಾಟ್ಕಿನ್ಸ್ ಅವರಂಥ ಒಬ್ಬಿಬ್ಬರಿಗೆ ಮಾತ್ರ ಆ ಭಾಗ್ಯವಿತ್ತು. ವಾಟ್ಕಿನ್ಸ್ ಅವರನ್ನು ಬೇರೆ ಕಂಪನಿ ಎಳೆದುಕೊಂಡರೆ ಎರಡು ಪತ್ರಿಕೆಗಳ ಬೆನ್ನೆಲುಬೇ ಮುರಿಯುತ್ತಿತ್ತು, ಹಾಗಾಗಿ.

1977ರಲ್ಲಿ ಬ್ಯಾಷ್ ಸ್ಟ್ರೀಟ್‌ನ ಒಬ್ಬ ಹುಡುಗ, ಉದ್ದ ಮೂತಿಯ ಪ್ಲಗ್, ಅವನ ಹೆಸರಲ್ಲೇ ಪ್ರತ್ಯೇಕ ವಾರಪತ್ರಿಕೆ ಬಂತು. ಡಂಡಿ ಪೇಟೆಯಲ್ಲಿ ಮಿನ್ನಿಯ ಪ್ರತಿಮೆ ಇದೆ. 2014ರಲ್ಲಿ ಊರಿನ ಒಂದು ರಸ್ತೆಗೆ ಬ್ಯಾಷ್ ಸ್ಟ್ರೀಟ್ ಅಂತಲೇ ಹೆಸರಿಟ್ಟರು.

ಈಗ ಹಾಳೆಯ ವಿಷಯಕ್ಕೆ ಬರೋಣ. ಒರಿಜಿನಲ್ ಅಂದರೆ ನಿಜಕ್ಕೂ ಏನು ಅಂತ ಹತ್ತಿರದಿಂದ ನೋಡದೆ ಈ ಜಗಳ ಅರ್ಥವಾಗುವುದಿಲ್ಲ.

ಪತ್ರಿಕೆಯಲ್ಲಿ ನಾವು ನೋಡುವ ಪುಟಕ್ಕಿಂತ ಒರಿಜಿನಲ್ ದೊಡ್ಡದು. ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು. ದೊಡ್ಡದಾಗಿ ಬರೆದು ಚಿಕ್ಕದು ಮಾಡಿದರೆ ಗೆರೆ ಬಿಗಿಯಾಗುತ್ತದೆ, ಕೈ ನಡುಗಿದ್ದು ಕಾಣುವುದಿಲ್ಲ. ದಪ್ಪ ನಯವಾದ ಡ್ರಾಯಿಂಗ್ ಬೋರ್ಡಿನ ಮೇಲೆ ಮೊದಲು ಪೆನ್ಸಿಲ್. ಅದರ ಮೇಲೆ ಇಂಡಿಯನ್ ಇಂಕ್, ನಿಬ್ಬಿನಿಂದ ಇಲ್ಲವೇ ಬ್ರಷ್‌ನಿಂದ. ಶಾಯಿ ಒಣಗಿದ ಮೇಲೆ ಪೆನ್ಸಿಲ್ ಗುರುತು ಅಳಿಸುತ್ತಾರೆ, ಪೂರ್ತಿ ಹೋಗುವುದಿಲ್ಲ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಕಲಾವಿದರು ಮೊದಲು ಕೈಯನ್ನು ಎಲ್ಲಿಟ್ಟಿದ್ದರು, ಆಮೇಲೆ ಎಲ್ಲಿಗೆ ಸರಿಸಿದರು ಅನ್ನುವುದು ಕಾಣುತ್ತದೆ. ತಪ್ಪಿದ ಕಡೆ ಬಿಳಿ ಬಣ್ಣ ಬಳಿದಿರುತ್ತಾರೆ. ಬೆರಳಾಡಿಸಿದರೆ ಅಲ್ಲಿ ಸಣ್ಣ ದಿಬ್ಬ.

ಮಾತಿನ ಬಲೂನುಗಳನ್ನು ಎಷ್ಟೋ ಸಲ ಬೇರೆ ಕಾಗದದಲ್ಲಿ ಬರೆಸಿ ಅಥವಾ ಟೈಪ್ ಮಾಡಿಸಿ ಅಂಟಿಸುತ್ತಿದ್ದರು. ಐವತ್ತು ವರ್ಷ ಕಳೆದ ಮೇಲೆ ಆ ಅಂಟು ಕಂದು ಬಣ್ಣಕ್ಕೆ ತಿರುಗಿ, ಬಲೂನು ಉದುರಿ, ಪಾತ್ರ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿರುತ್ತದೆ. ಹಾಳೆಯ ಅಂಚಿನಲ್ಲಿ ಸಂಪಾದಕರ ಟಿಪ್ಪಣಿ, ಸಂಚಿಕೆಯ ತಾರೀಕು, ಎಷ್ಟು ಇಂಚಿಗೆ ಇಳಿಸಬೇಕು ಅನ್ನುವ ಸೂಚನೆ, ಕಚೇರಿಯ ಮೊಹರು, ಒಂದೆರಡು ಚಹಾದ ಕಲೆ.

ತಿಳಿನೀಲಿ ಬಣ್ಣದ್ದು ಇನ್ನೊಂದು ಸ್ವಾರಸ್ಯ. ಹಳೆಯ ಒರಿಜಿನಲ್‌ಗಳ ಮೇಲೆ ಅಲ್ಲಲ್ಲಿ ತಿಳಿನೀಲಿ ಪೆನ್ಸಿಲ್ ಗೆರೆ ಅಥವಾ ತೆಳು ನೀಲಿ ಬಣ್ಣ ಬಳಿದದ್ದು ಕಾಣುತ್ತದೆ. ಅಚ್ಚಾದ ಪುಟದಲ್ಲಿ ಅದು ಇರುವುದಿಲ್ಲ. ಕಾರಣ ಇಷ್ಟು. ಆಗ ಚಿತ್ರವನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೊ ತೆಗೆದು, ನೆಗೆಟಿವ್‌ನಿಂದ ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್‌ನಲ್ಲಿ ಕೊರೆಸಿ ಬ್ಲಾಕ್ ಮಾಡುತ್ತಿದ್ದರು. ನಮ್ಮೂರುಗಳ ಹಳೆ ಪ್ರೆಸ್ಸುಗಳಲ್ಲಿ ಕೆಲಸ ಮಾಡಿದವರಿಗೆ 'ಬ್ಲಾಕ್ ಮಾಡಿಸೋದು' ಚೆನ್ನಾಗಿ ಗೊತ್ತು. ಆ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿಯೂ ಬಿಳಿ ಕಾಗದವೂ ಒಂದೇ. ಕೆಂಪು ಮಾತ್ರ ಅದಕ್ಕೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕಲಾವಿದರು 'ಇಲ್ಲಿ ಚುಕ್ಕಿ ಛಾಯೆ ಹಾಕಿ' ಅಂತ ಬ್ಲಾಕ್ ಮಾಡುವವರಿಗೆ ಹೇಳಬೇಕಾದದ್ದನ್ನು ಚಿತ್ರದ ಮೇಲೇ ನೀಲಿಯಲ್ಲಿ ಹೇಳಬಹುದಿತ್ತು. ಅಳಿಸುವ ಗೋಜೇ ಇಲ್ಲ.

ಆಮೇಲೆ ಬಣ್ಣ. ಬಣ್ಣದಲ್ಲಿ ಅಚ್ಚಾದ ಪುಟದ ಒರಿಜಿನಲ್ ಬರೀ ಕಪ್ಪು ಬಿಳುಪು ಇರುವುದು ತೀರಾ ಮಾಮೂಲು. ಬಣ್ಣ ಸೇರುತ್ತಿದ್ದದ್ದು ಪ್ರೆಸ್ಸಿನ ಕಡೆ, ಪ್ರತ್ಯೇಕ ಪ್ಲೇಟುಗಳಲ್ಲಿ. ಮಿನ್ನಿಯ ಕೆಂಪು ಸ್ವೆಟರ್ ಹುಡುಕಿಕೊಂಡು ಬಂದವರಿಗೆ ನಿರಾಸೆಯೇ. ಆದರೆ ಕಲಾವಿದರ ಕೈ ಮುಟ್ಟಿದ ಹಾಳೆ ಬೇಕು ಅನ್ನುವವರಿಗೆ ಈ ಕಪ್ಪು ಬಿಳುಪಿನದ್ದೇ ಒರಿಜಿನಲ್. 20 ಲಕ್ಷ ಪ್ರತಿಗಳು ಇದರಿಂದ ಹುಟ್ಟಿದವು, ಇದು ಮಾತ್ರ ಒಂದೇ ಒಂದು.

ಹಾಗಿದ್ದೂ ಆ ಕಾಲದಲ್ಲಿ ಇದಕ್ಕೆ ಬೆಲೆ ಇರಲಿಲ್ಲ. ಬ್ಲಾಕ್ ಆದ ಮೇಲೆ ಹಾಳೆಯ ಕೆಲಸ ಮುಗಿಯಿತು. ಬ್ರಿಟನ್ನಿನ ಕಾಮಿಕ್ಸ್ ಕಂಪನಿಗಳು ಅದನ್ನು ಕಲಾವಿದರಿಗೆ ವಾಪಸ್ ಕೊಡುತ್ತಿರಲಿಲ್ಲ. ಮರುಮುದ್ರಣಕ್ಕೆ ಬೇಕಾದೀತು ಅಂತ ಕೆಲವನ್ನು ಕಟ್ಟಿಟ್ಟರು, ಕೆಲವನ್ನು ಜಾಗ ಸಾಲದೆ ಬಿಸಾಕಿದರು. ಕಲಾವಿದರೂ ಕೇಳಲಿಲ್ಲ. ಇವತ್ತು ಮನೆಗೆ ಬಂದ ಬಿಲ್ಲಿನ ಹಾಳೆಯನ್ನು ನಾವು ನೋಡುವ ಹಾಗೆ ಅವರು ಅದನ್ನು ನೋಡಿದರು. ಇನ್ನೊಂದು ವಾರದ ಪುಟ ಕಾಯುತ್ತಿತ್ತು.

ಜಗಳಕ್ಕೆ ಬುಡ ಇಲ್ಲೇ ಇದೆ. ಒಂದು ಕಾಮಿಕ್ ಪುಟದಲ್ಲಿ ಮೂರು ಬೇರೆ ಬೇರೆ ಹಕ್ಕುಗಳು ಒಟ್ಟಿಗೆ ಅಂಟಿಕೊಂಡಿರುತ್ತವೆ. ಒಂದು, ಆ ಕಾಗದ ಅನ್ನುವ ವಸ್ತು ಯಾರದ್ದು ಅನ್ನುವುದು. ಎರಡು, ಆ ಚಿತ್ರವನ್ನು ಅಚ್ಚು ಹಾಕುವ, ಪುಸ್ತಕ ಮಾಡುವ, ಟಿ-ಶರ್ಟ್ ಮೇಲೆ ಹಾಕುವ ಹಕ್ಕು, ಅಂದರೆ ಕಾಪಿರೈಟ್. ಮೂರು, ಇದನ್ನು ಬರೆದವರು ಇಂಥವರು ಅಂತ ಹೇಳಿಸಿಕೊಳ್ಳುವ ಹಕ್ಕು. ಮೂರೂ ಒಬ್ಬರಲ್ಲೇ ಇರಬೇಕು ಅಂತಿಲ್ಲ. ಒಬ್ಬರಿಂದ ಒಬ್ಬರಿಗೆ ಒಟ್ಟಿಗೇ ಹೋಗಬೇಕು ಅಂತಲೂ ಇಲ್ಲ. ಕಾಗದ ಕೊಂಡವರಿಗೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಅಚ್ಚು ಹಾಕುವ ಹಕ್ಕು ಕೊಂಡವರಿಗೆ ಕಾಗದ ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. ಮಕ್ಕಳ ಕಾಮಿಕ್ಸ್ ಉದ್ಯಮ ಈ ಮೂರನ್ನೂ ಸುಮಾರು ಅರ್ಧ ಶತಮಾನ ಒಂದೇ ಚೆಕ್ಕಿನಲ್ಲಿ ಕೊಂಡುಕೊಂಡ ಹಾಗೆ ನಡೆದುಕೊಂಡಿತು. ಕೇಳುವವರು ಇರಲಿಲ್ಲ, ಅಷ್ಟೇ.

ಬ್ಯಾಕ್ಸೆಂಡೇಲ್ ಕೇಳಿದರು. ಡಂಡಿ ಬಿಟ್ಟ ಮೇಲೆ ಅವರು ಕೈ ಕಟ್ಟಿ ಕೂತಿರಲಿಲ್ಲ. 1964ರಲ್ಲಿ ಲಂಡನ್ನಿನ ಓಧಮ್ಸ್ ಕಂಪನಿಗೆ 'ವ್ಯಾಮ್' ಅನ್ನುವ ಹೊಸ ಪತ್ರಿಕೆ ಕಟ್ಟಿಕೊಟ್ಟರು. ಆಮೇಲೆ ಬೇರೆ ಲಂಡನ್ ಪತ್ರಿಕೆಗಳಿಗೂ ಬರೆದರು. ಈ ನಡುವೆ ವಿಯೆಟ್ನಾಂ ಯುದ್ಧ ವಿರೋಧಿಸಿ ಸ್ವಂತ ಖರ್ಚಿನಲ್ಲಿ ವಾರಪತ್ರ ಹೊರಡಿಸಿದರು. ತುಂಟ ಮಕ್ಕಳನ್ನು ಬರೆಯುವ ಮನುಷ್ಯ ದೊಡ್ಡವರ ಲೋಕದಲ್ಲೂ ಮಾತು ಕೇಳುವ ಪೈಕಿ ಆಗಿರಲಿಲ್ಲ ಅಂತ ಕಾಣುತ್ತದೆ. 1975ಕ್ಕೆ ವಾರಪತ್ರಿಕೆಗಳ ಸಹವಾಸವೇ ಸಾಕು ಅಂತ ಬಿಟ್ಟರು. 'ವಿಲ್ಲಿ ದಿ ಕಿಡ್' ಅನ್ನುವ ಪುಸ್ತಕಗಳನ್ನು ತಮ್ಮ ಹೆಸರಲ್ಲಿ, ಸಹಿ ಸಮೇತ ತಂದರು. ಆತ್ಮಕಥೆ ಬರೆದರು. 1980ರ ಹೊತ್ತಿಗೆ ಡಿ.ಸಿ. ಥಾಮ್ಸನ್ ವಿರುದ್ಧ ಕೋರ್ಟಿಗೆ ಹೋದರು, ತಾವು ಹುಟ್ಟಿಸಿದ ಪಾತ್ರಗಳ ಹಕ್ಕು ಕೇಳಿಕೊಂಡು.

ಕೇಸಿನಲ್ಲಿ ಹುರುಳಿತ್ತು. ಬ್ರಿಟನ್ನಿನ ಕಾಪಿರೈಟ್ ಕಾನೂನಿನ ಪ್ರಕಾರ ಸಂಬಳಕ್ಕೆ ದುಡಿಯುವವರ ಕೆಲಸಕ್ಕೂ ಫ್ರೀಲಾನ್ಸ್ ಕೆಲಸಕ್ಕೂ ವ್ಯತ್ಯಾಸವಿದೆ. ನೌಕರರು ಬರೆದದ್ದರ ಮೇಲೆ ಮಾಲೀಕರಿಗೆ ಹಕ್ಕು. ಫ್ರೀಲಾನ್ಸ್ ಆಗಿ ಬರೆದರೆ ಬರೆದವರೇ ಮೊದಲ ಒಡೆಯರು. ಬೇರೆಯವರಿಗೆ ಹೋಗಬೇಕು ಅಂದರೆ ಸಹಿ ಇರುವ ಬರಹ ಬೇಕು. ಬಾಯಿಮಾತು, ರೂಢಿ, 'ಎಲ್ಲರೂ ಹೀಗೇ ಮಾಡೋದು' ಅನ್ನುವುದು ಸಾಲದು. ದಶಕಗಳ ಕಾಲ ರೂಢಿಯ ಮೇಲೇ ನಡೆದುಕೊಂಡು ಬಂದ ಉದ್ಯಮಕ್ಕೆ ಇದು ಬಿಸಿ ಮುಟ್ಟಿಸುವ ಮಾತು.

ಏಳು ವರ್ಷ ನಡೆಯಿತು. ಒಬ್ಬ ಚಿತ್ರಕಾರ ಒಂದು ಕಡೆ, ಪತ್ರಿಕಾ ಸಾಮ್ರಾಜ್ಯ ಇನ್ನೊಂದು ಕಡೆ. 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ರಾಜಿ ಅಂದ ಮೇಲೆ ತೀರ್ಪು ಇಲ್ಲ. ತೀರ್ಪು ಇಲ್ಲ ಅಂದ ಮೇಲೆ ಮುಂದಿನ ಕಲಾವಿದರು ತೋರಿಸಿ ವಾದಿಸಬಹುದಾದ ಕಾಗದವೂ ಇಲ್ಲ. ನನಗೆ ಈ ಕಥೆಯಲ್ಲಿ ತುಂಬಾ ಬೇಸರ ತರಿಸುವ ಭಾಗ ಇದು. ಅವರ ಮಟ್ಟಿಗೆ ಒಳ್ಳೆಯದೇ ಆಯಿತು, ಬಿಡಿ. ರೀಪರ್ ಬುಕ್ಸ್ ಅನ್ನುವ ಸ್ವಂತ ಪ್ರಕಾಶನ ಮಾಡಿಕೊಂಡರು. 1990ರಿಂದ ಸುಮಾರು ಎರಡು ವರ್ಷ 'ಗಾರ್ಡಿಯನ್' ಪತ್ರಿಕೆಗೆ ಬೇಬಿ ಬೇಸಿಲ್ ಅನ್ನುವ ಸ್ಟ್ರಿಪ್ ಬರೆದರು. 2017ರಲ್ಲಿ ತೀರಿಕೊಂಡಾಗ ಬ್ರಿಟನ್ನಿನ ದೊಡ್ಡ ಪತ್ರಿಕೆಗಳೆಲ್ಲ ಅವರನ್ನು ಹೆಸರು ಹಿಡಿದು ನೆನೆದವು.

ಅದೇ 1987ರಲ್ಲಿ ಅಮೆರಿಕದಲ್ಲೂ ಇಂಥದ್ದೇ ಒಂದು ಗಲಾಟೆ ಮುಗಿಯಿತು. ಮಾರ್ವೆಲ್‌ನ ಅರ್ಧದಷ್ಟು ಸೂಪರ್‌ಹೀರೊಗಳಿಗೆ ರೂಪ ಕೊಟ್ಟ ಜ್ಯಾಕ್ ಕರ್ಬಿ ತಮ್ಮ ಹಾಳೆಗಳನ್ನು ವಾಪಸ್ ಕೇಳಿದ್ದರು. ಬೇರೆ ಕಲಾವಿದರಿಗೆಲ್ಲ ಕಂಪನಿ ಸಣ್ಣ ಫಾರಂ ಸಹಿ ಹಾಕಿಸಿಕೊಂಡು ಹಾಳೆ ಕೊಟ್ಟಿತು. ಕರ್ಬಿಗೆ ಮಾತ್ರ ನಾಲ್ಕು ಪುಟದ ಕರಾರು ಕಳಿಸಿತು, ಪಾತ್ರಗಳ ಮೇಲೆ ತಮಗೇನೂ ಹಕ್ಕಿಲ್ಲ ಅಂತ ಬರೆದುಕೊಡಿ ಅಂತ. ನೋಡಿ, ಇಲ್ಲಿ ಹಾಳೆಯನ್ನು ಒತ್ತೆ ಇಟ್ಟುಕೊಂಡು ಕಾಪಿರೈಟ್ ಚೌಕಾಸಿ ನಡೆಯಿತು. ಕೊನೆಗೆ ಸುಮಾರು ಎರಡು ಸಾವಿರ ಹಾಳೆ ಮನೆಗೆ ಬಂತು. ಅವರು ಆ ಕಂಪನಿಗೆ ಬರೆದದ್ದು ಅದರ ಎಷ್ಟೋ ಪಟ್ಟು.

ಹಾಳೆಯೂ ಹಕ್ಕೂ ಬೇರೆ ಬೇರೆ ಅನ್ನುವುದನ್ನು ಟಿನ್‌ಟಿನ್ ಕಥೆ ಇನ್ನೂ ಚೆನ್ನಾಗಿ ತೋರಿಸುತ್ತದೆ. ಆ ಕಾಮಿಕ್ಸ್ ಬರೆದ ಬೆಲ್ಜಿಯಂನ ಎರ್ಜೆ 1936ರಲ್ಲಿ 'ಬ್ಲೂ ಲೋಟಸ್' ಪುಸ್ತಕಕ್ಕೆ ಒಂದು ಮುಖಪುಟ ಬರೆದರು. ಅಷ್ಟು ಬಣ್ಣ ಅಚ್ಚು ಹಾಕುವುದು ದುಬಾರಿ ಅಂತ ಪ್ರಕಾಶಕರು ಬೇಡ ಅಂದರು. ಆ ಚಿತ್ರ ಪ್ರಕಾಶಕರ ಏಳು ವರ್ಷದ ಮಗನ ಕೈ ಸೇರಿತು, ಮಡಿಚಿ ಡ್ರಾಯರ್‌ನಲ್ಲಿ ಇಟ್ಟಿದ್ದ ಅಂತ ಆ ಮನೆಯವರು ಹೇಳುತ್ತಾರೆ. ಮಡಿಕೆಯ ಗೆರೆಗಳಂತೂ ಈಗಲೂ ಕಾಣುತ್ತವೆ. 2021ರ ಜನವರಿಯಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಅದಕ್ಕೆ ಸುಮಾರು 32 ಲಕ್ಷ ಯೂರೊ ಬಂತು. ಇಷ್ಟು ದುಡ್ಡು ಕೊಟ್ಟು ತೆಗೆದುಕೊಂಡವರು ಅದನ್ನು ಗೋಡೆಗೆ ಹಾಕಿಕೊಳ್ಳಬಹುದು, ಮತ್ತೆ ಮಾರಬಹುದು. ಪೋಸ್ಟರ್ ಮಾಡಿ ಮಾರುವ ಹಾಗಿಲ್ಲ.

ಟಿನ್‌ಟಿನ್ ಹಕ್ಕು ನೋಡಿಕೊಳ್ಳುವ ಕಂಪನಿಗೇ (ಆಗ ಅದರ ಹೆಸರು ಮೂಲಾನ್ಸಾರ್) 2015ರಲ್ಲಿ ಒಂದು ಏಟು ಬಿತ್ತು. ನೆದರ್‌ಲೆಂಡ್ಸ್‌ನ ಒಂದು ಅಭಿಮಾನಿ ಸಂಘ ತನ್ನ ಪತ್ರಿಕೆಯಲ್ಲಿ ಟಿನ್‌ಟಿನ್ ಚೌಕಟ್ಟುಗಳನ್ನು ಹಾಕಿತ್ತು ಅಂತ ಕಂಪನಿ ಕೇಸು ಹಾಕಿತು. ಸಂಘದವರು 1942ರ ಒಂದು ಹಳೆ ಕರಾರು ಹುಡುಕಿ ತಂದರು. ಪುಸ್ತಕಗಳ ಪ್ರಕಟಣೆ ಹಕ್ಕನ್ನು ಎರ್ಜೆ ಪ್ರಕಾಶಕರಿಗೆ ಬರೆದುಕೊಟ್ಟಿದ್ದು ಅದರಲ್ಲಿತ್ತು. ಕೇಸು ಬಿದ್ದುಹೋಯಿತು. ಎಪ್ಪತ್ತು ವರ್ಷ ಹಳೆಯ ಒಂದು ಕಾಗದ!

ಎಲ್ಲರ ಕಥೆಯೂ ಜಗಳದ್ದಲ್ಲ. 'ಪೀನಟ್ಸ್' ಬರೆದ ಚಾರ್ಲ್ಸ್ ಶುಲ್ಟ್ಸ್ ಐವತ್ತು ವರ್ಷದಲ್ಲಿ 17,897 ಸ್ಟ್ರಿಪ್ ಬರೆದರು, ಎಲ್ಲ ಒಬ್ಬರೇ. ಒರಿಜಿನಲ್‌ಗಳನ್ನು ಕೇಳಿದವರಿಗೆ ಧಾರಾಳವಾಗಿ ಕೊಟ್ಟರು. ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಲ್ಲಿರುವ ಅವರ ವಸ್ತುಸಂಗ್ರಹಾಲಯದಲ್ಲಿ ಈಗ ಏಳು ಸಾವಿರದಷ್ಟು ಇವೆ. 'ಕ್ಯಾಲ್ವಿನ್ ಅಂಡ್ ಹಾಬ್ಸ್' ಬರೆದ ಬಿಲ್ ವಾಟರ್‌ಸನ್ ಅದಕ್ಕೆ ತದ್ವಿರುದ್ಧ. ಗೊಂಬೆ, ಬಟ್ಟಲು, ಟಿ-ಶರ್ಟ್ ಯಾವುದಕ್ಕೂ ಒಪ್ಪಲಿಲ್ಲ. ಹತ್ತು ವರ್ಷ ಬರೆದು ನಿಲ್ಲಿಸಿದರು. ಒರಿಜಿನಲ್‌ಗಳನ್ನು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಟೂನ್ ಗ್ರಂಥಾಲಯಕ್ಕೆ ಒಪ್ಪಿಸಿದರು. ಹಾಗಾಗಿ ಅವರ ಹಾಳೆ ಪೇಟೆಗೆ ಬರುವುದೇ ಅಪರೂಪ, ಬಂದರೆ ಬೆಲೆ ಆಕಾಶಕ್ಕೆ.

ಬೆಲೆ ಹೇಗೆ ಕಟ್ಟುತ್ತಾರೆ ಅಂತ ಕೇಳಬಹುದು. ಪಾತ್ರ ಮೊದಲ ಸಲ ಬಂದ ಪುಟಕ್ಕೆ ಜಾಸ್ತಿ. ಮುಖಪುಟಕ್ಕೆ ಜಾಸ್ತಿ. ಪಾತ್ರ ಹುಟ್ಟಿಸಿದವರೇ ಬರೆದದ್ದಕ್ಕೆ, ಆಮೇಲೆ ಬಂದವರು ಬರೆದದ್ದಕ್ಕಿಂತ ಜಾಸ್ತಿ. ಉಳಿದಂತೆ, ಈಗ ದುಡ್ಡು ಮಾಡಿಕೊಂಡಿರುವ ಐವತ್ತು ಅರವತ್ತರ ಪ್ರಾಯದವರು ಹತ್ತು ವರ್ಷದ ಮಕ್ಕಳಾಗಿದ್ದಾಗ ಏನು ಓದಿದ್ದರೋ ಅದಕ್ಕೆ ಜಾಸ್ತಿ. ಕಲೆಯ ಗುಣಮಟ್ಟಕ್ಕೆ ಕೊನೆಯ ಸ್ಥಾನ ಅಂತ ನನ್ನ ಗುಮಾನಿ.

ಹಾಳೆ ಕೈಬಿಟ್ಟು ಹೋದ ಮೇಲೆ ಕಲಾವಿದರಿಗೆ ಏನೂ ಸಿಗುವುದಿಲ್ಲವಾ? ಕೆಲವು ದೇಶಗಳಲ್ಲಿ ಸಿಗುತ್ತದೆ. ಫ್ರಾನ್ಸ್ 1920ರಲ್ಲೇ ಒಂದು ಕಾನೂನು ಮಾಡಿತು. ಮೂಲ ಕಲಾಕೃತಿ ಮತ್ತೆ ಮಾರಾಟವಾದಾಗಲೆಲ್ಲ ಕಲಾವಿದರಿಗೆ ಒಂದು ಪಾಲು. ಬ್ರಿಟನ್ನಿಗೆ ಅದು ಬಂದದ್ದು 2006ರಲ್ಲಿ. ಗ್ಯಾಲರಿ, ಹರಾಜು ಮನೆಗಳ ಮೂಲಕ ಮಾರಿದರೆ ಮೊದಲ 50,000 ಪೌಂಡ್‌ವರೆಗೆ ಶೇಕಡಾ 4. 2012ರಿಂದ ತೀರಿಕೊಂಡ ಕಲಾವಿದರ ವಾರಸುದಾರರಿಗೂ ಅನ್ವಯ.

ಇಂಥ ಕಾನೂನು ನಮ್ಮಲ್ಲೂ ಇದೆ ಅಂದರೆ ಆಶ್ಚರ್ಯವಾಗಬಹುದು. ಭಾರತದ 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ 53ಎ ಅನ್ನುವ ಕಲಂ ಸೇರಿತು. ಚಿತ್ರ, ಶಿಲ್ಪ, ರೇಖಾಚಿತ್ರ ಅಥವಾ ಹಸ್ತಪ್ರತಿಯ ಮೂಲ ಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಶೇಕಡಾ 10ರ ಒಳಗೆ ಒಂದು ಪಾಲು ಬರೆದವರಿಗೆ ಅಥವಾ ಅವರ ವಾರಸುದಾರರಿಗೆ. ಷರತ್ತು ಅಂದರೆ ಅವರು ಆ ಕೃತಿಯ ಮೊದಲ ಹಕ್ಕುದಾರರಾಗಿರಬೇಕು. ಪುಸ್ತಕದಲ್ಲಿ ಚೆನ್ನಾಗಿದೆ, ಬಳಕೆಗೆ ಬಂದದ್ದು ತೀರಾ ಕಡಿಮೆ.

ಕನ್ನಡ ಪತ್ರಿಕೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರು ಇನ್ನೂ ಮೂರು ಕಲಂ ತಿಳಿದುಕೊಂಡಿದ್ದರೆ ಒಳ್ಳೆಯದು. ಮೊದಲನೆಯದು 17. ಪತ್ರಿಕೆಯಲ್ಲಿ ಸಂಬಳಕ್ಕಿದ್ದು ಅದಕ್ಕಾಗಿಯೇ ಬರೆದರೂ, ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದ್ದು. ಪುಸ್ತಕ, ಗೊಂಬೆ, ಸಿನಿಮಾ ಹಕ್ಕೆಲ್ಲ ಬರೆದವರಲ್ಲೇ ಉಳಿಯುತ್ತದೆ. ಫ್ರೀಲಾನ್ಸ್ ಆದರೆ ಇನ್ನೂ ಗಟ್ಟಿ, ಸಾಮಾನ್ಯವಾಗಿ ಶುರುವಿನಿಂದಲೇ ಎಲ್ಲವೂ ಅವರದ್ದೇ. ಎರಡನೆಯದು 19. ಹಕ್ಕು ಬರೆದುಕೊಟ್ಟರೂ ಎಷ್ಟು ವರ್ಷಕ್ಕೆ ಅಂತ ನಮೂದಿಸದಿದ್ದರೆ ಅದು ಐದೇ ವರ್ಷಕ್ಕೆ. ಎಲ್ಲಿಗೆ ಅಂತ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. 'ಎಲ್ಲಾ ಹಕ್ಕು ಕೊಟ್ಟಿದ್ದೀರಲ್ಲಾ' ಅಂತ ಯಾರಾದರೂ ಹತ್ತು ವರ್ಷ ಆದ ಮೇಲೆ ಫೋನ್ ಮಾಡಿದರೆ, ಮೊದಲು ಆ ಕಾಗದ ತೆಗೆದು ಓದಿ.

ಮೂರನೆಯದು 57, ಹೆಸರಿನ ಹಕ್ಕು. ಕಾಪಿರೈಟ್ ಮಾರಿದ ಮೇಲೂ ಇದು ಕಲಾವಿದರ ಹತ್ತಿರವೇ ಇರುತ್ತದೆ. ಇದು ಎಲ್ಲಿಯವರೆಗೆ ಹೋಗಬಹುದು ಅಂತ ತೋರಿಸಿದ್ದು 2005ರ ದೆಹಲಿ ಹೈಕೋರ್ಟ್ ತೀರ್ಪು. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟ ದೊಡ್ಡ ಕಂಚಿನ ಕೃತಿಯನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು, ಅದು ಹಾಳಾಯಿತು. ದುಡ್ಡು ಕೊಟ್ಟು ಕೊಂಡದ್ದು ನಾವು, ಏನಾದರೂ ಮಾಡುತ್ತೇವೆ ಅನ್ನುವ ವಾದ ನಡೆಯಲಿಲ್ಲ. ಮೂಲ ಕೃತಿಯನ್ನು ಹಾಳುಗೆಡವುವುದೂ ಕಲಾವಿದರ ಹಕ್ಕಿಗೆ ಧಕ್ಕೆ ಅಂದಿತು ಕೋರ್ಟು. ಉಳಿದದ್ದನ್ನು ವಾಪಸ್ ಕೊಡಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಗೋದಾಮಿನಲ್ಲಿ ಗೆದ್ದಲು ತಿನ್ನುತ್ತಿರುವ ಹಳೆ ಕಾಮಿಕ್ಸ್ ಹಾಳೆಗಳ ಬಗ್ಗೆ ಯೋಚಿಸುವವರು ಈ ತೀರ್ಪನ್ನು ಒಮ್ಮೆ ಓದಬೇಕು. ಬ್ರಿಟನ್ನಿನಲ್ಲಿ ಹೆಸರಿನ ಹಕ್ಕು ಕಾನೂನಾದದ್ದು 1988ರಲ್ಲಿ, ಬ್ಯಾಕ್ಸೆಂಡೇಲ್ ರಾಜಿಯ ಮರುವರ್ಷ. ಅದೂ ಕೇಳಿಕೊಂಡರೆ ಮಾತ್ರ ಸಿಗುವಂಥದ್ದು, ಸಹಿ ಹಾಕಿ ಬಿಟ್ಟುಕೊಡಬಹುದಾದಂಥದ್ದು. ಈ ಒಂದು ವಿಷಯದಲ್ಲಿ ನಮ್ಮ ಕಾನೂನೇ ಹೆಚ್ಚು ಗಟ್ಟಿ.

ಒರಿಜಿನಲ್ ಅಂದರೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿದರೆ ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, 2007ರಲ್ಲಿ ಶುರುವಾದದ್ದು. ಅಲ್ಲಿ ಜಾಸ್ತಿ ಇರುವುದು ವ್ಯಂಗ್ಯಚಿತ್ರ, ಮಕ್ಕಳ ಕಾಮಿಕ್ಸ್ ಅಲ್ಲ. ಆದರೆ ಗಾಜಿನ ಹಿಂದಿನ ಶಾಯಿಗೂ ಅಚ್ಚಿನ ಶಾಯಿಗೂ ಇರುವ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ.

ಈಗಿನ ಕಲಾವಿದರದ್ದು ಹೊಸ ತಾಪತ್ರಯ. ಬಹಳ ಜನ ಟ್ಯಾಬ್ಲೆಟ್ ಮೇಲೇ ಬರೆಯುತ್ತಾರೆ. ಫೈಲ್ ಇದೆ, ಹಾಳೆ ಇಲ್ಲ. ನೂರು ಸಲ ಕಾಪಿ ಮಾಡಿದರೂ ಎಲ್ಲವೂ ಒಂದೇ, ಒರಿಜಿನಲ್ ಅಂತ ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ. ಹಾಗಾಗಿ ಕೆಲವರು ಒಂದು ನಡುದಾರಿ ಹಿಡಿದಿದ್ದಾರೆ. ಕರಡನ್ನು ಟ್ಯಾಬ್ಲೆಟ್‌ನಲ್ಲಿ ಮಾಡುತ್ತಾರೆ, ಅದನ್ನು ತಿಳಿನೀಲಿಯಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಪ್ರಿಂಟ್ ಹಾಕುತ್ತಾರೆ, ಅದರ ಮೇಲೆ ಕೈಯಿಂದ ಇಂಕ್ ಮಾಡುತ್ತಾರೆ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ನೀಲಿಯನ್ನು ತೆಗೆದುಹಾಕುತ್ತಾರೆ. ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳಗಳಲ್ಲಿ ಮೇಜು ಹಾಕಿಕೊಂಡು ಕೂತಾಗ ಮಾರಲು ಒಂದು ಹಾಳೆ ಸಿಗುತ್ತದೆ. ಎಷ್ಟೋ ಸಲ ಪುಟಕ್ಕೆ ಪ್ರಕಾಶಕರು ಕೊಟ್ಟದ್ದಕ್ಕಿಂತ ಆ ಹಾಳೆಯಿಂದಲೇ ಜಾಸ್ತಿ ಹುಟ್ಟುತ್ತದೆ.

ಹಾಗೆ ಮಾರುವಾಗ ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿ: 'ಮಾರಿರುವುದು ಮೂಲ ಹಾಳೆ ಮಾತ್ರ. ಮುದ್ರಣ ಮತ್ತಿತರ ಎಲ್ಲ ಹಕ್ಕು ಕಲಾವಿದರದ್ದು.' ಕೆಳಗೆ ಇಬ್ಬರ ಸಹಿ, ತಾರೀಕು. ಹಾಳೆಯ ಎರಡೂ ಬದಿಯ ಸ್ಕ್ಯಾನ್ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಿಂಬದಿಯದ್ದೂ ಬೇಕು, ಮುಂದೆ ಯಾವತ್ತಾದರೂ ಇದು ನಕಲಿಯಾ ಅಸಲಿಯಾ ಅಂತ ತಕರಾರು ಬಂದರೆ ಮೊದಲು ತಿರುಗಿಸಿ ನೋಡುವುದು ಅದನ್ನೇ.